ಮೂರು ತೊಲ ತುಪ್ಪದ ಲೆಕ್ಕ: ಸಾಬರಮತಿಯಿಂದ ಧರಾಸಣಾವರೆಗೆ

ಮೊದಲ ದಿನ: ಸಾಬರಮತಿ, ಅಸ್ಲಾಲಿ

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ದಾಂಡಿಗೆ ನಡೆದ ದಾರಿಯನ್ನು ಏಳು ದಿನಗಳಲ್ಲಿ ನೋಡಿ ಬಂದ ಕಥೆ ಇದು. ಅಹಮದಾಬಾದಿನಲ್ಲಿ ಮಾರ್ಚ್ ಅರ್ಧ ಕಳೆಯುವ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿರುತ್ತದೆ. ಆದ್ದರಿಂದ ಸಾಬರಮತಿ ಆಶ್ರಮಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಸುತ್ತಲೂ ಪುನರಭಿವೃದ್ಧಿ ಕೆಲಸ ನಡೆಯುತ್ತಿದೆ. ಹಳೆಯ ಗೇಟನ್ನು ನೆನಪಿಟ್ಟುಕೊಂಡು ಬಂದವರಿಗೆ ದಾರಿ ತಪ್ಪುತ್ತದೆ, ಆಟೋ ಇಳಿದ ಮೇಲೂ ಸ್ವಲ್ಪ ನಡೆಯಬೇಕು. ಬಂದವರಲ್ಲಿ ಹೆಚ್ಚಿನವರು ಗಾಂಧೀಜಿ ವಾಸವಿದ್ದ ಹೃದಯಕುಂಜದ ಜಗಲಿಯಲ್ಲಿ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಗೆಲ್ಲ ಹೊರಡುತ್ತಾರೆ. ಸತ್ಯಾಗ್ರಹ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಿದ್ದವರು ಇಲ್ಲಿ ನೆನೆಯಬೇಕಾದ್ದು ಒಂದು ಪತ್ರವನ್ನು.

1930ರ ಮಾರ್ಚ್ 2ರಂದು ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಇಲ್ಲಿಂದ ಪತ್ರ ಬರೆದರು. ಅದನ್ನು ತಲುಪಿಸಲು ಕಳಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಯುವಕನನ್ನು, ಜಗಳ ಇಂಗ್ಲಿಷರೊಂದಿಗಲ್ಲ ಎಂಬುದು ಪತ್ರ ತಂದವನ ಮುಖದಲ್ಲೇ ಕಾಣಲಿ ಎಂದು. ಒಳಗೆ ಇದ್ದದ್ದು ಲೆಕ್ಕ. ವೈಸ್‌ರಾಯ್ ಸಂಬಳ ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700 ರೂಪಾಯಿಗೂ ಹೆಚ್ಚು. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ. ನಡುವಿನ ಅಂತರ ಐದು ಸಾವಿರ ಪಟ್ಟು ಮೀರುತ್ತದೆ. ಮುಂದೆ ಏನು ಮಾಡಲಿದ್ದೇನೆ ಎಂಬುದನ್ನೂ ಬರೆದಿದ್ದರು: ಉತ್ತರ ಬರದಿದ್ದರೆ ಆಶ್ರಮದ ಸಂಗಡಿಗರೊಂದಿಗೆ ಹೊರಟು ಉಪ್ಪಿನ ಕಾನೂನು ಮುರಿಯುತ್ತೇನೆ. ಹೊರಡುವವರ ಹೆಸರುಗಳನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎದುರಾಳಿಯಿಂದ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಗುಟ್ಟು ಉಳಿದರೆ ಭಯವೂ ಉಳಿಯುತ್ತದೆ, ಭಯ ಉಳಿದಲ್ಲಿ ಕೈ ಏಳುತ್ತದೆ. ಈ ವಿಧಾನದ ಮೊದಲ ಮೆಟ್ಟಿಲು ಇದು.

ವಿಧಾನ ಹುಟ್ಟಿದ್ದು ಈ ನದಿ ದಂಡೆಯಲ್ಲಲ್ಲ. 1906ರ ಸೆಪ್ಟೆಂಬರ್ 11ರಂದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಟ್ರಾನ್ಸ್‌ವಾಲ್‌ನ ಭಾರತೀಯರು ಸೇರಿದ್ದರು. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನಿಗೆ ಒಪ್ಪುವುದಿಲ್ಲ ಎಂಬ ಠರಾವು ಮಂಡಿಸುವಾಗ ಹಾಜಿ ಹಬೀಬ್ ಎಂಬ ಹಿರಿಯ ವರ್ತಕರು ದೇವರ ಸಾಕ್ಷಿಯಾಗಿ ಪ್ರಮಾಣ ಮಾಡೋಣ ಎಂದರು. ಗಾಂಧಿ ಒಂದು ಕ್ಷಣ ಬೆಚ್ಚಿದರು. ಠರಾವನ್ನು ನಾಳೆ ತಿದ್ದಬಹುದು, ದೇವರ ಮುಂದಿನ ಮಾತನ್ನು ತಿದ್ದಲಾಗದು. ಉಳಿದವರೆಲ್ಲ ಬಿಟ್ಟು ಹೋದರೂ ಒಬ್ಬನೇ ನಿಲ್ಲಬಲ್ಲವನು ಮಾತ್ರ ಕೈ ಎತ್ತಲಿ ಎಂದು ಸಭೆಗೆ ಬಿಡಿಸಿ ಹೇಳಿದರು. ಜೈಲು, ಹಸಿವು, ಏಟು, ಗಡೀಪಾರು, ಯಾವುದು ಬೇಕಾದರೂ ಬರಬಹುದು ಎಂದು ಒಂದೊಂದಾಗಿ ಹೆಸರಿಸಿದರು. ಸಭೆ ಎದ್ದು ನಿಂತು ಪ್ರಮಾಣ ಮಾಡಿತು. ಇದೆಲ್ಲ ಅಮೆರಿಕದ ಲೇಖಕ ಥೋರೋನ ಕಾನೂನುಭಂಗದ ಪ್ರಬಂಧದಿಂದ ಬಂದದ್ದು ಎಂದು ಹಲವರು ಇನ್ನೂ ಬರೆಯುತ್ತಾರೆ. ಆ ಪ್ರಬಂಧ ತನ್ನ ಕೈಗೆ ಬರುವ ಹೊತ್ತಿಗೆ ದಕ್ಷಿಣ ಆಫ್ರಿಕಾದ ಹೋರಾಟ ಬಹುದೂರ ಸಾಗಿತ್ತು ಎಂದು 1935ರಲ್ಲಿ ಪಿ. ಕೋದಂಡ ರಾವ್ ಅವರಿಗೆ ಬರೆದ ಪತ್ರದಲ್ಲಿ ಗಾಂಧಿಯೇ ಹೇಳಿದ್ದಾರೆ. ಟಾಲ್‌ಸ್ಟಾಯ್‌ನಿಂದ ಪಡೆದದ್ದನ್ನು ಅವರು ಎಂದೂ ಮರೆಮಾಡಲಿಲ್ಲ. ಅದಕ್ಕೂ ಹಿಂದೆ, ಕೆಡುಕಿಗೆ ಒಳಿತು ಮಾಡು ಎನ್ನುವ ಒಂದು ಗುಜರಾತಿ ಪದ್ಯ ಹುಡುಗನಾಗಿದ್ದಾಗಲೇ ಮನಸ್ಸಿಗೆ ಅಂಟಿತ್ತು ಎಂದೂ ಬರೆದಿದ್ದಾರೆ.

ಮಾರ್ಚ್ 12ರ ಬೆಳಗ್ಗೆ ಆರೂವರೆಗೆ 78 ಮಂದಿ ಅವರೊಂದಿಗೆ ಹೊರಟರು. ಅತಿ ಕಿರಿಯನಿಗೆ 16, ಅತಿ ಹಿರಿಯರಾದ ಗಾಂಧಿಗೆ 60. ಚಂಡೋಲಾ ಕೆರೆಯವರೆಗೆ ಜನಜಾತ್ರೆ ಹಿಂಬಾಲಿಸಿತ್ತು. ಇವತ್ತು ಆ ದಾರಿ ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಮೊದಲ ರಾತ್ರಿ ತಂಗಿದ್ದ ಅಸ್ಲಾಲಿ ಈಗ ಗೋದಾಮು ಮತ್ತು ಲಾರಿಗಳ ಊರು. ನಡೆದೇ ನೋಡಬೇಕೆನ್ನುವವರು ಬೆಳಗ್ಗೆ ಎಂಟರೊಳಗೆ ಮುಗಿಸಬೇಕು. ಆಮೇಲೆ ಎದ್ದ ಧೂಳು ಕೂರುವುದೇ ಇಲ್ಲ. ಅಲ್ಲಿನ ಚಹಾ ಅಂಗಡಿಯವರು ಹೇಳಿದರು: ಪ್ರತಿ ಮಾರ್ಚಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಒಂದಷ್ಟು ಜನ ಬರುತ್ತಾರೆ, ಅಸ್ಲಾಲಿಯಲ್ಲೇ ಕಾಲಿಗೆ ಬೊಬ್ಬೆ ಎದ್ದು ಬಸ್ಸು ಹತ್ತುವವರೇ ಹೆಚ್ಚು. ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ ಎಂಬುದು ಅವರ ಬುದ್ಧಿಮಾತು.

ಎರಡನೇ ದಿನ: ಮಾತರ್, ಡಭಾಣ್, ನಡಿಯಾದ್

ಖೇಡಾ ಜಿಲ್ಲೆ ಹೊಕ್ಕ ಮೇಲೆ ದಾರಿಗೆ ಉಸಿರು ಬರುತ್ತದೆ. ಕಾಲುವೆ ನೀರು, ಬೇವಿನ ಸಾಲು. ನಡಿಯಾದ್ ಕಡೆ ಸಾಗಿದಂತೆ ತಂಬಾಕಿನ ಘಾಟು.

1918ರಲ್ಲಿ ಈ ಜಿಲ್ಲೆಯಲ್ಲಿ ನಡೆದ ಕಂದಾಯ ಸತ್ಯಾಗ್ರಹವನ್ನು ಅರಿಯದೆ ದಾಂಡಿಗೆ ಹೋದರೆ ಅರ್ಧ ಮಾತ್ರ ತಿಳಿದಂತೆ. ಬೆಳೆ ನಾಲ್ಕಾಣೆಗಿಂತ, ಅಂದರೆ ಕಾಲುಭಾಗಕ್ಕಿಂತ ಕಡಿಮೆ ಬಂದರೆ ಆ ವರ್ಷದ ಕಂದಾಯ ನಿಲ್ಲಿಸಬೇಕು ಎಂಬ ನಿಯಮ ಸರ್ಕಾರದ್ದೇ ಆಗಿತ್ತು. ಅತಿವೃಷ್ಟಿಯಿಂದ ಬೆಳೆ ಹಾಳಾಗಿತ್ತು, ಅಧಿಕಾರಿಗಳು ಒಪ್ಪಲಿಲ್ಲ. ಗಾಂಧಿ ಮೊದಲು ಮಾಡಿದ್ದು ಘೋಷಣೆ ಕೂಗಿಸುವ ಕೆಲಸವಲ್ಲ. ಹಳ್ಳಿ ಹಳ್ಳಿಗೆ ಹೋಗಿ ಬೆಳೆಯ ಅಂದಾಜು ಬರೆದುಕೊಂಡರು, ಅರ್ಜಿ ಹಾಕಿದರು, ಸ್ವತಂತ್ರ ವಿಚಾರಣೆ ಕೇಳಿದರು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ, ಮಾರ್ಚ್ 22ರಂದು, ನಡಿಯಾದಿನಲ್ಲಿ ರೈತರಿಂದ ಪ್ರತಿಜ್ಞೆ ಮಾಡಿಸಿದರು. ಆ ಪ್ರತಿಜ್ಞೆಯಲ್ಲಿ ಒಂದು ಸೂಕ್ಷ್ಮವಿದೆ: ಬಡವರ ಕಂದಾಯ ನಿಲ್ಲಿಸಿದರೆ ಶಕ್ತಿಯಿರುವವರು ಪೂರ್ತಿ ಕಟ್ಟುತ್ತಾರೆ. ಎದುರಾಳಿ ಮರ್ಯಾದೆಯಿಂದ ಹಿಂದೆ ಸರಿಯಲು ದಾರಿಯನ್ನು ಪ್ರತಿಜ್ಞೆಯೊಳಗೇ ಇಟ್ಟಿದ್ದರು. ಇಂದಿನ ಎಷ್ಟೋ ಚಳವಳಿಗಳು ಸೋಲುವುದು ಇಲ್ಲೇ. ಎದುರಿನವರು ಸೋಲದೆ ಒಪ್ಪಿಕೊಳ್ಳುವ ಜಾಗವನ್ನೇ ಬಿಟ್ಟಿರುವುದಿಲ್ಲ.

ತಪ್ಪಾಗಿ ಜಪ್ತಿ ಮಾಡಿದ ಹೊಲದಿಂದ ಈರುಳ್ಳಿ ಕಿತ್ತು ಜೈಲಿಗೆ ಹೋದ ಮೋಹನ್‌ಲಾಲ್ ಪಾಂಡ್ಯರನ್ನು ಈ ಸೀಮೆಯಲ್ಲಿ ಇನ್ನೂ ‘ಡುಂಗಳಿ ಚೋರ್’, ಈರುಳ್ಳಿ ಕಳ್ಳ, ಎಂದು ಪ್ರೀತಿಯಿಂದ ನೆನೆಯುತ್ತಾರೆ. ಆ ಕಿತ್ತದ್ದಕ್ಕೆ ಸಲಹೆ ಕೊಟ್ಟವರು ಗಾಂಧಿಯೇ. ಜೈಲೆಂದರೆ ಹೆದರುತ್ತಿದ್ದ ರೈತರ ಎದುರೇ ಒಬ್ಬ ಗೌರವಸ್ಥ ನಗುತ್ತ ಜೈಲಿಗೆ ಹೋಗಿ ಬರಲಿ ಎಂಬುದು ಅದರ ಉದ್ದೇಶವಾಗಿತ್ತು.

ರಾತ್ರಿ ನಡಿಯಾದಿನ ಊಟದ ಮನೆಯೊಂದರಲ್ಲಿ ಭಾಖರಿ, ಖಿಚಡಿ, ಕಢಿ. ಬಡಿಸುವವರು ಖಿಚಡಿಯ ನಡುವೆ ಗುಂಡಿ ಮಾಡಿ ತುಪ್ಪ ಸುರಿಯುತ್ತಲೇ ಇದ್ದರು. ದಾಂಡಿಯಾತ್ರೆಯ ಊಟದ ಪಟ್ಟಿಯಲ್ಲಿದ್ದದ್ದೂ ಇದೇ ಖಿಚಡಿ, ಆದರೆ ಅಳತೆ ಬೇರೆ. ಗಾಂಧೀಜಿ ದಾರಿಯ ಹಳ್ಳಿಗಳಿಗೆ ಮೊದಲೇ ಸೂಚನೆ ಅಚ್ಚು ಹಾಕಿಸಿದ್ದರು. ಬೆಳಗ್ಗೆ ರಾಬ್ ಎಂಬ ಗಂಜಿ ಮತ್ತು ಢೇಬರಾ ರೊಟ್ಟಿ. ಮಧ್ಯಾಹ್ನ ಭಾಖರಿ, ಪಲ್ಯ, ಹಾಲು ಅಥವಾ ಮಜ್ಜಿಗೆ. ರಾತ್ರಿ ಖಿಚಡಿ. ಪಲ್ಯಕ್ಕೆ ಮಸಾಲೆ ಬೇಡ, ಸಿಹಿ ಬೇಡ, ಚಹಾ ಬೇಡ, ವೀಳ್ಯ ಬೇಡ. ತುಪ್ಪ ತಲೆಗೆ ದಿನಕ್ಕೆ ಮೂರು ತೊಲ ಮೀರಬಾರದು: ರಾಬ್‌ಗೆ ಒಂದು, ಭಾಖರಿಗೆ ಒಂದು, ಖಿಚಡಿಗೆ ಒಂದು. ಇಂದಿನ ಲೆಕ್ಕದಲ್ಲಿ ಮೂರೂ ಸೇರಿ ಸುಮಾರು 35 ಗ್ರಾಂ. ಅತಿಥಿಗೆ ತುಪ್ಪ ಸುರಿಯುವುದೇ ಮರ್ಯಾದೆ ಎಂದುಕೊಂಡ ನಾಡಿನಲ್ಲಿ ಈ ಅಳತೆ ಹೇಳದಿದ್ದರೆ ಹಳ್ಳಿಗೆ ಹಳ್ಳಿ ಸಾಲ ಮಾಡಿ ಬಡಿಸುತ್ತಿತ್ತು.

ಊಟ ಹಾಕುವ ಊರು ಇನ್ನೊಂದನ್ನೂ ಸಿದ್ಧಪಡಿಸಿಡಬೇಕಿತ್ತು: ಮಾಹಿತಿ. ಜನಸಂಖ್ಯೆ ಧರ್ಮವಾರು ಎಷ್ಟು, ಅಸ್ಪೃಶ್ಯರೆನಿಸಿಕೊಂಡವರು ಎಷ್ಟು, ಶಾಲೆಗೆ ಹೋಗುವ ಗಂಡು ಮಕ್ಕಳೆಷ್ಟು ಹೆಣ್ಣು ಮಕ್ಕಳೆಷ್ಟು, ಚರಕ ಎಷ್ಟು, ಕಂದಾಯ ಎಷ್ಟು, ಹಸು ಎಮ್ಮೆ ಎಷ್ಟು, ತಲೆಗೆ ಉಪ್ಪು ಎಷ್ಟು ಬೇಕು, ದನಕ್ಕೆ ಎಷ್ಟು ಬೇಕು. ಮುಂಚೆಯೇ ಹೋಗಿ ಇದನ್ನೆಲ್ಲ ನೋಡಿಕೊಳ್ಳಲು ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ್ ಟುಕಡಿ’ ಇತ್ತು.

ಮೂರನೇ ದಿನ: ರಾಸ್, ಕಂಕಾಪುರ

ಆಣಂದ್‌ನಲ್ಲಿ ಯಾತ್ರೆ ಸೋಮವಾರದ ಮೌನಕ್ಕೆಂದು ನಿಂತಿತ್ತು. ನಾವು ತಿಂಡಿಗಷ್ಟೇ ನಿಂತದ್ದು. ಬೋರ್ಸದ್ ದಾಟಿ ರಾಸ್. ಯಾತ್ರೆಗೆ ಐದು ದಿನ ಮೊದಲು, ಮಾರ್ಚ್ 7ರಂದು, ವಲ್ಲಭಭಾಯಿ ಪಟೇಲರನ್ನು ಬಂಧಿಸಿದ್ದು ಇಲ್ಲಿ. ಈ ಊರಿನ ರೈತರು ಕಂದಾಯ ಕೊಡದೆ ಹೊಲ ಕಳೆದುಕೊಂಡರು. ನಮ್ಮ ಅಂಕೋಲಾ, ಸಿದ್ದಾಪುರದ ರೈತರ ಗತಿಯೂ ಅದೇ ಆಯಿತು. ಉತ್ತರ ಕನ್ನಡವೂ ಆಗ ಇದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಮಾರಿಹೋದ ಜಮೀನು ಮರಳಿದ್ದು 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು ಕಾನೂನು ಮಾಡಿದ ಮೇಲೆ. ಅಷ್ಟು ವರ್ಷ ಒಕ್ಕಲು ಮನೆಗಳು ಹೇಗೆ ಬದುಕಿದವು ಎಂಬ ಲೆಕ್ಕ ಸ್ಮಾರಕಗಳಲ್ಲಿ ಕಾಣುವುದಿಲ್ಲ. ಅಹಿಂಸೆಯ ಬೆಲೆ ಕೊಟ್ಟವರೆಂದರೆ ಮೊದಲು ಅವರು.

ಕಂಕಾಪುರದ ಬಳಿ ಮಹಿ ನದಿ ಖಂಭಾತ್ ಕೊಲ್ಲಿಯತ್ತ ಅಗಲವಾಗುತ್ತದೆ. ದಂಡೆ ನೋಡಲು ಗಟ್ಟಿ ನೆಲ. ಮೇಲಿನ ಎರಡಂಗುಲ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಮೊಣಕಾಲುದ್ದದ ಜೇಡಿ ಕೆಸರು. ಕಾರಿನ ಮುಂಚಕ್ರ ಅದರಲ್ಲೇ ಹೂತುಹೋಯಿತು. ಎಕ್ಸಲರೇಟರ್ ಒತ್ತಿದಷ್ಟೂ ಆಳ. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಜೋಳದ ದಂಟಿನ ಕಟ್ಟು ತಂದು ಚಕ್ರದ ಕೆಳಗೆ ತುರುಕಿಸಿ, ಟಯರಿನ ಗಾಳಿ ಅರ್ಧ ಇಳಿಸಲು ಹೇಳಿ, ಹಿಂದಕ್ಕೆ ತೆಗೆಸಿದರು. ಕಡಲ ಉಬ್ಬರ ಬರುವ ಸದ್ದು ಕೇಳಿದ ಮೇಲೆ ಈ ಕೆಸರಿನಲ್ಲಿ ಯಾರೂ ನಿಲ್ಲಬಾರದು, ನೀರು ಎತ್ತುಗಳಿಗಿಂತ ಬೇಗ ಬರುತ್ತದೆ ಎಂದರು. 1930ರ ಮಾರ್ಚ್ 19ರ ರಾತ್ರಿ ಯಾತ್ರಿಗಳು ದಾಟಿದ್ದು ಇದೇ ಹೊಳೆಯನ್ನು. ದೋಣಿಯವರೆಗೂ ಕೆಸರು, ಇಳಿದ ಮೇಲೂ ಕೆಸರು. ಎರಡೂ ದಂಡೆಯಲ್ಲಿ ಹಳ್ಳಿಯವರು ಹಣತೆ ಹಿಡಿದು ನಿಂತಿದ್ದರು.

ಈಗ ಆಚೆ ದಡದ ಕರೇಲಿಗೆ ಹೋಗಲು ದೊಡ್ಡ ಸುತ್ತು. ಗಂಭೀರಾ ಸೇತುವೆ 2025ರ ಜುಲೈನಲ್ಲಿ ಕುಸಿದು ಹಲವರು ಸತ್ತರು. ಆ ದಾರಿಯನ್ನು ನಂಬಿದ ಹಳೆಯ ನಕ್ಷೆಗಳನ್ನು ಬಿಟ್ಟು ವಾಸದ್, ವಡೋದರಾ, ಪಾದರಾ ಮೂಲಕ ಬರಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ.

ನಾಲ್ಕನೇ ದಿನ: ಜಂಬೂಸರ್, ಭರೂಚ್

ಕಪ್ಪು ಮಣ್ಣು, ಕಿತ್ತು ರಾಶಿ ಹಾಕಿದ ಹತ್ತಿಗಿಡ, ನೆರಳೇ ಇಲ್ಲದ ರಸ್ತೆ. ತಲೆಗೆ ಒಂದರಂತೆ ಎರಡು ಲೀಟರ್ ನೀರಿನ ಬಾಟಲಿ ಸಾಲದು. ಜಂಬೂಸರ್‌ನಲ್ಲಿ ಮೋತಿಲಾಲ್ ಮತ್ತು ಜವಾಹರಲಾಲ್ ಬಂದು ಗಾಂಧಿಯನ್ನು ಕಂಡು ಹೋದರು ಎಂಬುದನ್ನು ಬಿಟ್ಟರೆ ಈ ದಿನಕ್ಕೆ ಹೇಳುವಂಥದ್ದು ಭರೂಚಿನ ಖಾರಿ ಸಿಂಗ್ ಮಾತ್ರ. ಶೇಂಗಾವನ್ನು ಉಪ್ಪುನೀರಿನಲ್ಲಿ ನೆನೆಸಿ, ಆರಿಸಿ, ಬಾಣಲೆಯಲ್ಲಿ ಹುರಿಯುತ್ತಾರೆ. ಉಪ್ಪು ಹೊರಗೆ ಅಂಟದೆ ಕಾಳಿನೊಳಗೆ ಸೇರಿರುತ್ತದೆ. ಅರ್ಧ ಕಿಲೋ ಕೊಂಡರೆ ದಾಂಡಿಯವರೆಗೂ ಬರುತ್ತದೆ.

ಐದನೇ ದಿನ: ಭಟಗಾಮ್, ಸೂರತ್

ಓಲ್ಪಾಡ್ ತಾಲ್ಲೂಕಿನ ಭಟಗಾಮ್‌ಗೆ ಪ್ರವಾಸಿಗರು ಬರುವುದು ಕಡಿಮೆ. ಇಡೀ ದಾರಿಯಲ್ಲಿ ಒಂದೇ ಊರಿಗೆ ಸಮಯವಿದ್ದರೆ ಇಲ್ಲಿಗೆ ಬನ್ನಿ ಎನ್ನುತ್ತೇನೆ. ದಾಂಡಿಯನ್ನೂ ಅದರ ನಂತರ ನೋಡಬಹುದು.

ಮಾರ್ಚ್ 29ರ ರಾತ್ರಿ ಯಾತ್ರೆ ಈ ಊರಿಗೆ ಬರುವಾಗ ದಾರಿಗೆ ಬೆಳಕು ಕೊಡಲು ಕೂಲಿಯವನೊಬ್ಬನ ತಲೆಯ ಮೇಲೆ ಭಾರದ ಕಿಟ್ಸನ್ ದೀಪ ಹೊರಿಸಿ, ಅವನನ್ನು ಓಡೋಡಿಸಿಕೊಂಡು ಬಂದಿದ್ದರು. ಸೂರತ್‌ನಿಂದ ಮೋಟಾರಿನಲ್ಲಿ ಹಾಲು, ತರಕಾರಿ ತರಿಸಿದ್ದೂ ಗಾಂಧಿಯ ಕಿವಿಗೆ ಬಿತ್ತು. ಅಂದಿನ ಭಾಷಣದಲ್ಲಿ ಸರ್ಕಾರದ ಮಾತು ಹಿಂದಾಯಿತು. ಬೆಳಕನ್ನು ತಮ್ಮ ಕಡೆಗೇ ತಿರುಗಿಸಿದರು. ವೈಸ್‌ರಾಯ್ ಸಂಬಳ ಜನರ ಆದಾಯದ ಐದು ಸಾವಿರ ಪಟ್ಟು ಎಂದು ಬರೆದ ನಾನು, ಜನರ ಆದಾಯಕ್ಕೆ ಮೀರಿದ ಖರ್ಚಿನಲ್ಲಿ ನಡೆಯುತ್ತಿದ್ದರೆ ಆ ಪತ್ರ ಬರೆಯಲು ನನಗೆ ಯಾವ ಹಕ್ಕಿದೆ ಎಂಬುದು ಅವರ ಪ್ರಶ್ನೆ. ಹೊತ್ತವನ ತಲೆಯ ಮೇಲಿನ ದೀಪವನ್ನು ಸಹಿಸಲಾರೆ ಎಂದರು.

ಬೇರೆ ಯಾವ ನಾಯಕನೂ ಯಾತ್ರೆಯ ನಡುವೆ, ಪತ್ರಕರ್ತರೆದುರು, ತನ್ನದೇ ಪಡೆಯ ಹಾಲಿನ ಖರ್ಚು ತೆಗೆದು ತೋರಿಸುವುದಿಲ್ಲ. ಆದರೆ ಈ ವಿಧಾನಕ್ಕೆ ಅದು ಬೇಕೇ ಬೇಕು. ಕೋಲಿಲ್ಲದವನ ಬಳಿ ಇರುವುದು ಮಾತಿನ ನಂಬಿಕೆಯೊಂದೇ. ಅದು ತೂತಾದರೆ ಉಳಿದ ಎಲ್ಲವೂ ಸೋರಿಹೋಗುತ್ತದೆ. ನಡಿಯಾದಿನ ಮೂರು ತೊಲ ತುಪ್ಪಕ್ಕೆ ಅರ್ಥ ಬರುವುದು ಭಟಗಾಮ್‌ನಲ್ಲಿ.

ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಶಿಕ್ಷಕಿಯೊಬ್ಬರು ಮಕ್ಕಳಿಗೆ ಈ ಭಾಷಣದ ಸಾರವನ್ನು ಪ್ರತಿ ವರ್ಷ ಓದಿ ಹೇಳುತ್ತಾರಂತೆ. ಮಕ್ಕಳು ಕೇಳುವ ಮೊದಲ ಪ್ರಶ್ನೆ: ದೀಪ ಹೊತ್ತವನಿಗೆ ಕೂಲಿ ಎಷ್ಟು ಕೊಟ್ಟರು?

ಸೂರತ್‌ನಲ್ಲಿ ಸಂಜೆ ಲೋಚೋ ತಿಂದೆವು. ಖಮಣ್ ಹಿಟ್ಟನ್ನೇ ತೆಳ್ಳಗೆ ಕಲಸಿ ಹಬೆಯಲ್ಲಿ ಬೇಯಿಸಿ, ಎಣ್ಣೆ, ಸೇವ್, ಹಸಿ ಈರುಳ್ಳಿ ಹಾಕಿ ಬಿಸಿಯಾಗಿ ಕೊಡುತ್ತಾರೆ. ತಣ್ಣಗಾದರೆ ಅಂಟು, ನಿಂತಲ್ಲೇ ಮುಗಿಸಬೇಕು.

ಆರನೇ ದಿನ: ಕರಾಡಿ, ದಾಂಡಿ

ನವಸಾರಿಯಿಂದ ದಾಂಡಿಗೆ ಅರ್ಧ ಗಂಟೆಯ ದಾರಿ. ಇಕ್ಕೆಲದಲ್ಲಿ ಸಿಗಡಿ ಹೊಂಡಗಳು. 2019ರ ಜನವರಿ 30ರಂದು ತೆರೆದ ರಾಷ್ಟ್ರೀಯ ಉಪ್ಪಿನ ಸತ್ಯಾಗ್ರಹ ಸ್ಮಾರಕ ಹದಿನೈದು ಎಕರೆಯಲ್ಲಿದೆ. ಯಾತ್ರಿಗಳ 80 ಪ್ರತಿಮೆಗಳು, ಯಾತ್ರೆಯ ಕಥೆ ಹೇಳುವ 24 ಭಿತ್ತಿಶಿಲ್ಪಗಳು. ವಾರದ ರಜೆ ಯಾವಾಗ ಎಂದು ನವಸಾರಿಯಲ್ಲೇ ಕೇಳಿಕೊಂಡು ಹೊರಡಿ. ನೆರಳು ಕಡಿಮೆ, ಸಂಜೆ ನಾಲ್ಕರ ನಂತರ ಹಿತ.

ಆ ಸಾಲಿನಲ್ಲಿ ನಮ್ಮವರೊಬ್ಬರಿದ್ದಾರೆ: ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಯಾತ್ರೆಯಲ್ಲಿದ್ದ ಏಕೈಕ ಕನ್ನಡಿಗ, ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯ ವಸೂಲಿಯ ಠಾಣೆಯ ಮೇಲೆ ನಡೆಸಿದ ದಾಳಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಪೊಲೀಸ್ ಗುಂಡಿಗೆ ಬಲಿಯಾದರು. 1942ರ ಕ್ವಿಟ್ ಇಂಡಿಯಾ ಚಳವಳಿಯ ಗುಪ್ತ ಚಟುವಟಿಕೆಗಳನ್ನು ಗಾಂಧಿ ಒಪ್ಪಿರಲಿಲ್ಲ. ದಾಂಡಿಯ ಶಿಷ್ಯನೇ ಹೊಸರಿತ್ತಿಗೆ ಬಂದದ್ದು ಹೇಗೆ ಎಂಬುದು ಗೌರವದಿಂದಲೇ ಕೇಳಬೇಕಾದ ಪ್ರಶ್ನೆ. ನಾಯಕರೆಲ್ಲ ಒಂದೇ ರಾತ್ರಿ ಜೈಲು ಸೇರಿದಾಗ, ಗೆರೆ ಎಳೆದು ತೋರಿಸುವವರು ಹೊರಗೆ ಯಾರೂ ಇರಲಿಲ್ಲ.

ಸಮುದ್ರ ಇಲ್ಲಿ ಇಳಿತದ ಹೊತ್ತಿಗೆ ಬಹುದೂರ ಸರಿದು ಬೂದು ಕೆಸರು ಬಿಡುತ್ತದೆ. 1930ರ ಏಪ್ರಿಲ್ 5ರಂದು ತಲುಪಿದ ಗಾಂಧಿ ರಾತ್ರಿ ಉಳಿದದ್ದು ಬೋಹ್ರಾ ಗುರುಗಳ ಸೈಫೀ ವಿಲ್ಲಾದಲ್ಲಿ. ದಡದ ಉಪ್ಪನ್ನು ಅಧಿಕಾರಿಗಳ ಆಳುಗಳು ಮೊದಲೇ ಕೆಸರಿಗೆ ತುಳಿದು ಕಲಸಿದ್ದರು. ಆದರೂ ಏಪ್ರಿಲ್ 6ರ ಬೆಳಗ್ಗೆ ಒಂದು ತಗ್ಗಿನಲ್ಲಿ ಉಪ್ಪುಮಣ್ಣು ಸಿಕ್ಕಿತು. ದಿನ ಆರಿಸಿದ್ದೂ ಯೋಚಿಸಿಯೇ: 1919ರ ರೌಲತ್ ಹರತಾಳದ ಏಪ್ರಿಲ್ 6ರಿಂದ ಜಲಿಯನ್‌ವಾಲಾ ಬಾಗ್‌ನ 13ರವರೆಗೆ ರಾಷ್ಟ್ರೀಯ ಸಪ್ತಾಹ. ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಅಂಕೋಲೆಯ ಜನ ಕಾನೂನು ಮುರಿದದ್ದು ಅದರ ಕೊನೆಯ ದಿನ, ಏಪ್ರಿಲ್ 13ರಂದು.

ಉಪ್ಪು ಎತ್ತಿದರೆ ಸಾಲದು, ತಿನ್ನುವಂತೆ ಮಾಡಬೇಕು. ಕಡಲ ನೀರಿನಲ್ಲಿ ಲವಣ ಲೀಟರಿಗೆ 35 ಗ್ರಾಂ, ಅದರಲ್ಲಿ ಅಡುಗೆ ಉಪ್ಪು 27ರಷ್ಟು. ನೀರನ್ನು ಸರಿಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಸಿದಾಗ, ಉಪ್ಪುನೀರಿನ ಗಾಢತೆ ಅಳೆಯುವ ಬೌಮೆ ಮಾಪಕದಲ್ಲಿ 25 ಡಿಗ್ರಿಗೆ, ಉಪ್ಪಿನ ಹರಳು ಕಟ್ಟತೊಡಗುತ್ತದೆ. ಅದಕ್ಕೆ ಮೊದಲೇ ಜಿಪ್ಸಂ ತಳಕ್ಕೆ ಕೂತಿರುತ್ತದೆ, ಅದನ್ನು ಬೇರೆ ಮಾಡಬೇಕು. 29 ಡಿಗ್ರಿಗೆ ಬಂದಾಗ ಉಳಿದ ರಸವನ್ನು ಚೆಲ್ಲಬೇಕು. ಪೂರ್ತಿ ಒಣಗುವವರೆಗೆ ಕುದಿಸಿದರೆ ಮೆಗ್ನೀಸಿಯಂ ಲವಣಗಳೂ ಸೇರಿ ಉಪ್ಪು ಕಹಿಯಾಗುತ್ತದೆ, ಮಳೆಗಾಲದಲ್ಲಿ ನೀರೊಡೆಯುತ್ತದೆ. 1930ರಲ್ಲಿ ಮನೆಗಳಲ್ಲಿ ಮಾಡಿದ್ದು ಇದರ ಸರಳ ರೂಪ: ಉಪ್ಪುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಾಣಲೆಯಲ್ಲಿ ಕುದಿಸುವುದು. ಮಣಕ್ಕೆ, ಅಂದರೆ 37 ಕಿಲೋಗೆ, ಒಂದು ರೂಪಾಯಿ ನಾಲ್ಕಾಣೆ ತೆರಿಗೆ. ಮಕ್ಕಳು, ಮುದುಕರು, ಅಡುಗೆ ಮನೆಯ ಹೆಂಗಸರು ಎಲ್ಲರೂ ಮಾಡಬಹುದಾದ ಅಪರಾಧ ಬೇಕಿತ್ತು. ಉಪ್ಪು ಅಂಥದ್ದು.

ಆಮೇಲೆ ಗಾಂಧಿ ದಾಂಡಿಯ ಹತ್ತಿರದ ಕರಾಡಿಯಲ್ಲಿ ಗರಿಯ ಗುಡಿಸಿಲಿನಲ್ಲಿದ್ದರು. ಮೇ 4ರ ನಡುರಾತ್ರಿ ಪೊಲೀಸರು ಬಂದದ್ದು 1827ರ 25ನೇ ರೆಗ್ಯುಲೇಷನ್ ಹಿಡಿದು. ವಿಚಾರಣೆಯಿಲ್ಲದೆ ಇಡಬಹುದಾದ ಕಾನೂನು ಅದು. ಕಟಕಟೆಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಸರ್ಕಾರ 1922ರಲ್ಲಿ ಗಾಂಧಿಯ ರಾಜದ್ರೋಹದ ವಿಚಾರಣೆಯಲ್ಲೇ ನೋಡಿತ್ತು.

ಏಳನೇ ದಿನ: ಧರಾಸಣಾ

ದಾಂಡಿಯಿಂದ ದಕ್ಷಿಣಕ್ಕೆ, ವಲ್ಸಾಡ್ ಜಿಲ್ಲೆಯ ಧರಾಸಣಾ. ಈ ಊರಿಗೆ ಬರದೆ ಹಿಂದಿರುಗಬಾರದು. 1930ರ ಫೆಬ್ರವರಿ 27ರಂದು ಗಾಂಧಿ ಸತ್ಯಾಗ್ರಹಿಯ ನಿಯಮಗಳನ್ನು ಅಚ್ಚು ಹಾಕಿಸಿದ್ದರು: ಕೋಪಗೊಳ್ಳಬಾರದು, ಏಟಿಗೆ ಏಟು ಕೊಡಬಾರದು, ಹೆದರಿ ಮಣಿಯಲೂಬಾರದು, ಬಂಧಿಸಲು ಬಂದರೆ ಒಪ್ಪಿಸಿಕೊಳ್ಳಬೇಕು, ಜೈಲಿನಲ್ಲಿ ವಿಶೇಷ ಸೌಲಭ್ಯ ಕೇಳಬಾರದು. ಹೋರಾಟದ ನಡುವೆ ಯಾರಾದರೂ ಅಧಿಕಾರಿಯ ಮೇಲೆ ಕೈಮಾಡಿದರೆ ಪ್ರಾಣ ಒತ್ತೆಯಿಟ್ಟು ಆ ಅಧಿಕಾರಿಯನ್ನೇ ರಕ್ಷಿಸಬೇಕು. ಮೇ 21ರಂದು ಇವುಗಳ ಪರೀಕ್ಷೆ ಇಲ್ಲಿನ ಉಪ್ಪಿನ ಆಗರದ ಎದುರು ನಡೆಯಿತು. ಸರೋಜಿನಿ ನಾಯ್ಡು, ಗಾಂಧಿಯ ಹಳೆಯ ಸಂಗಡಿಗ ಇಮಾಮ್ ಸಾಹೇಬ್, ದಕ್ಷಿಣ ಆಫ್ರಿಕಾದಿಂದ ಬಂದ ಮಗ ಮಣಿಲಾಲ್ ಗಾಂಧಿ ಮುಂದಿದ್ದರು. ಸುಮಾರು 2,500 ಮಂದಿ. ಹೊಂಡ, ಮುಳ್ಳುತಂತಿ, ಅದರ ಮುಂದೆ ಕಬ್ಬಿಣ ತೊಡಿಸಿದ ಲಾಠಿ ಹಿಡಿದ ಪೊಲೀಸರು. ಸಾಲಾಗಿ ನಡೆದು ಹೋದರು, ಬಿದ್ದರು, ಮುಂದಿನ ಸಾಲು ಹೊರಟಿತು. ಏಟು ತಡೆಯಲು ಕೈ ಎತ್ತಿದವರೂ ಇರಲಿಲ್ಲ ಎಂದು ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಬರೆದ. ತಾತ್ಕಾಲಿಕ ಆಸ್ಪತ್ರೆಯಲ್ಲಿ ಅವನು ಎಣಿಸಿದ ಗಾಯಾಳುಗಳು 320, ಸತ್ತವರು ಇಬ್ಬರು.

ಕೈ ಅಡ್ಡ ಹಿಡಿಯುವುದೂ ಏಕೆ ಬೇಡ? ನೂರಾರು ಜನರ ನೂಕಿನಲ್ಲಿ ಅಡ್ಡ ಹಿಡಿದ ಕೈ ಮರುಕ್ಷಣವೇ ತಳ್ಳುವ ಕೈಯಾಗುತ್ತದೆ. ಆಮೇಲೆ ಯಾರು ಮೊದಲು ಹೊಡೆದರು ಎಂಬ ವಾದವಷ್ಟೇ ಉಳಿಯುತ್ತದೆ. ಅಷ್ಟು ಜನ ಒಟ್ಟಿಗೆ ಆ ಸಹಜ ಚಲನೆಯನ್ನು ತಡೆದುಕೊಂಡದ್ದು ಸಿಟ್ಟಿನಿಂದಲೂ ಅಲ್ಲ, ಭಕ್ತಿಯೊಂದರಿಂದಲೂ ಅಲ್ಲ. ಊಟ, ನಡಿಗೆ, ದಿನಚರಿ, ಲೆಕ್ಕ ಎಲ್ಲದರಲ್ಲೂ ಪಳಗಿದ್ದರಿಂದ.

ವಲ್ಸಾಡ್ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗ ಕೇಳಿದ: ಇಷ್ಟೆಲ್ಲ ಆದ ಮೇಲೆ ತೆರಿಗೆ ಹೋಯಿತೇ? ಹೋಗಲಿಲ್ಲ. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಸಿಕ್ಕಿದ್ದು ಇಷ್ಟು: ಉಪ್ಪು ಸಿಗುವ ಜಾಗಕ್ಕೆ ಅಂಟಿಕೊಂಡ ಹಳ್ಳಿಯವರು ಮನೆಬಳಕೆಗೆ, ಊರೊಳಗಿನ ಮಾರಾಟಕ್ಕೆ ಉಪ್ಪು ಮಾಡಿಕೊಳ್ಳಬಹುದು, ಹೊರಗಿನವರಿಗೆ ಮಾರುವಂತಿಲ್ಲ. ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ, ಮಧ್ಯಂತರ ಸರ್ಕಾರದ ಕಾಲಕ್ಕೆ. ಹುಡುಗ ಮತ್ತೂ ಕೇಳಿದ, ಹಾಗಾದರೆ ವೈಸ್‌ರಾಯ್ ಒಪ್ಪಂದಕ್ಕೆ ಕೂತದ್ದೇಕೆ? ಆ ಹೊತ್ತಿಗೆ ಜೈಲಿಗೆ ಹೋದವರು ಅರವತ್ತು ಸಾವಿರಕ್ಕೂ ಹೆಚ್ಚು. ಸಾಮಾನ್ಯ ಜನರು ಜೈಲಿಗೆ ಹೆದರುವುದನ್ನು ಬಿಟ್ಟ ದೇಶವನ್ನು ಕಾನೂನಿನಿಂದ ಆಳುವುದು ಹೇಗೆಂದು ದೆಹಲಿಗೆ ಹೊಳೆಯಲಿಲ್ಲ.